ಮೊಲದ ಮೊದಲ ರಕ್ತ

ಅವಳಿಗೆ ಯಾರೂ ಅನ್ಯಾಯ ಮಾಡಿರಲಿಲ್ಲ. ಚೈತನ್ಯಾಳನ್ನು ಒಳಗೊಳಗೇ ಸುಡುತ್ತಿದ್ದದ್ದು ಅದೇ. ಅನ್ಯಾಯವಾಗಿದ್ದರೆ ಜಗಳವಾಡಬಹುದಿತ್ತು, ದೂರು ಕೊಡಬಹುದಿತ್ತು. ಆದರೆ ಎಲ್ಲರೂ ಕರುಣೆ ತೋರಿಸಿದ್ದರು. ಕರುಣೆಯ ಮೇಲೆ ದೂರು ತೆಗೆದುಕೊಳ್ಳುವ ಕಚೇರಿ ಚೆನ್ನೈಯಲ್ಲಿ ಎಲ್ಲಿಯೂ ಇಲ್ಲ.

ಗಂಡ ಸಂದೇಶ್ ಹೋದದ್ದು ಬೇಸಿಗೆಯಲ್ಲಿ. ನುಂಗಂಬಾಕ್ಕಂನಲ್ಲಿ ಅವನ ತಂದೆ ಸದಾನಂದರ ಹೋಟೆಲಿದೆ. ಅಲ್ಲಿಂದ ಅಣ್ಣಾ ನಗರದ ಮನೆಗೆ ಬೈಕಿನಲ್ಲಿ ಬರುತ್ತಿದ್ದ. ನೀರಿನ ಲಾರಿಯೊಂದು ಹಿಂದಕ್ಕೆ ಬಂತು. ಅಷ್ಟೇ. ಆಮೇಲಿನ ದಿನಗಳು ಅವಳಿಗೆ ನೆನಪಿಲ್ಲ. ಅತ್ತೆ ಸುಗುಣಾ ಫೋನನ್ನು ತಂದು ಅವಳ ಕಿವಿಗೆ ಹಿಡಿಯುತ್ತಿದ್ದರು, ಅವಳು ಏನೋ ಹೇಳುತ್ತಿದ್ದಳು. ಎಷ್ಟು ಗಟ್ಟಿ ಮನಸ್ಸಿನವಳು, ಕೇಳಿದ್ದಕ್ಕೆಲ್ಲ ಸರಿಯಾಗಿ ಉತ್ತರ ಕೊಟ್ಟಳು ಎಂದು ಕೆಲವರು ಆಮೇಲೆ ಅತ್ತೆಯ ಹತ್ತಿರ ಮೆಚ್ಚಿಕೊಂಡರಂತೆ. ಯಾರು, ಏನು ಕೇಳಿದ್ದರು ಎಂದು ಅವಳು ವಿಚಾರಿಸಲಿಲ್ಲ.

ಮಳೆ ಶುರುವಾಗುವ ಮೊದಲು ಅವಳು ಅಡ್ಯಾರಿನ ಲ್ಯಾಬಿಗೆ ಹಿಂತಿರುಗಿದಾಗ ಅವಳ ಮೇಜನ್ನು ಯಾರೋ ಚೊಕ್ಕವಾಗಿ ಒರೆಸಿಟ್ಟಿದ್ದರು. ಅದರ ಮೇಲೆ ಏನೂ ಇರಲಿಲ್ಲ. ಅವಳು ಮಾಡುತ್ತಿದ್ದ ಕೆಲಸ ಆಚೆ ಬದಿಯ ಮೇಜಿಗೆ, ಅವಳಿಗಿಂತ ಕಿರಿಯ ಸಂಶೋಧಕ ನಿಶಾಂತನ ಕೈಗೆ ಹೋಗಿತ್ತು.

ಗುರುಗಳಾದ ಕಮಲಾಕರ ಅವಳನ್ನು ತಮ್ಮ ಕೋಣೆಗೆ ಕರೆದು ಕೂರಿಸಿದರು. ಮೈಸೂರಿನವರು, ಚೆನ್ನೈಗೆ ಬಂದು ತಲೆ ನರೆತಿದೆ, ಮಾತಿನಲ್ಲಿ ತಮಿಳು ಬೆರೆತಿದೆ.

“ನಿನಗೆ ಹೊರೆ ಆಗಬಾರದು ಅಂತಮ್ಮಾ. ಲೈಬ್ರರಿಯಲ್ಲಿ ಕೂತು ಮೆದುವಾ ಥೀಸಿಸ್ ಬರಿ. ಪೇಪರಲ್ಲಿ ನಿನ್ನ ಹೆಸರು ಇದ್ದೇ ಇರುತ್ತೆ.”

ಹೆಸರು ಇತ್ತು. ಮೊದಲು ನಿಶಾಂತ್, ಆಮೇಲೆ ಅವಳು. ಈ ಲೋಕದಲ್ಲಿ ಮೊದಲ ಹೆಸರು ಕೆಲಸ ಮಾಡಿದವರದು, ಎರಡನೆಯದು ಸಹಾಯ ಮಾಡಿದವರದು. ಕರಡು ಪ್ರತಿಯನ್ನು ಕೊಟ್ಟು ಓದಿ ನೋಡು ಎಂದಿದ್ದರು. ಹೆಸರುಗಳ ಸಾಲಿನಿಂದ ಕೆಳಗೆ ಅವಳು ಓದಲಿಲ್ಲ.

ಆ ಕೆಲಸವೆಂದರೆ ಇದು. ನರಕೋಶದೊಳಗೆ ಆರ್‌ಎನ್‌ಎ ಎಂಬ ಎಳೆಗಳು ಓಡಾಡುತ್ತಿರುತ್ತವೆ. ಅವುಗಳನ್ನು ಹಿಡಿದು ಸೇರಬೇಕಾದಲ್ಲಿಗೆ ಸೇರಿಸುವ ಒಂದು ಪ್ರೋಟೀನಿನ ಹಿಂದೆ ಅವಳು ಬಿದ್ದಿದ್ದಳು. ಅದರ ಹೆಸರು ಅಕ್ಷರ, ಅಂಕಿಗಳ ಗೊಂಚಲು. ಮನೆಯಲ್ಲಿ ಅವಳು ಅದನ್ನು ಹಿಡಿಗ ಎಂದು ಕರೆಯುತ್ತಿದ್ದಳು. ಸಂದೇಶ್ ಹೋಟೆಲಿನಿಂದ ಬಂದವನೇ ಕೈ ತೊಳೆಯುತ್ತ ಕೇಳುತ್ತಿದ್ದ:

“ಎಂತ, ನಿನ್ನ ಹಿಡಿಗ ಇವತ್ತಾದ್ರೂ ಸಿಕ್ಕಿದ್ನಾ? ಇಲ್ಲಾ ಬಿಲ್ಲು ಕೊಡದೆ ಓಡಿದ್ನಾ?”

ಸಿಕ್ಕುವುದೆಂದರೆ ಕಣ್ಣಿಗೆ ಕಾಣುವುದು. ಕೋಶದಲ್ಲಿ ಸಾವಿರಾರು ಪ್ರೋಟೀನುಗಳಿರುತ್ತವೆ. ಅವುಗಳಲ್ಲಿ ಒಂದನ್ನೇ ಹುಡುಕಿ ಅಂಟಿಕೊಳ್ಳುವ ವಸ್ತುವಿಗೆ ಆಂಟಿಬಾಡಿ ಎನ್ನುತ್ತಾರೆ. ಸೆಂಟ್ರಲ್ ಸ್ಟೇಷನ್ನಿನ ನೂಕುನುಗ್ಗಲಿನಲ್ಲಿ ತನ್ನ ಮಗುವಿನ ಕೈಯನ್ನೇ ಹಿಡಿಯುವ ತಾಯಿಯ ಹಾಗೆ. ಅದು ಹಿಡಿದ ಕಡೆ ಯಂತ್ರದ ಪರದೆಯ ಮೇಲೆ ಕಪ್ಪು ಗೆರೆಯೊಂದು ಮೂಡುತ್ತದೆ. ಮಾರುಕಟ್ಟೆಯಲ್ಲಿ ಸಿಗುವ ಆಂಟಿಬಾಡಿಗಳೆಲ್ಲ ಕಂಡಕಂಡವರ ಕೈ ಹಿಡಿದವು. ಹಿಡಿಗನನ್ನು ಬಿಟ್ಟು.

ಕೊನೆಗೆ ಅವಳೇ ಮಾಡಿಸಿದಳು. ಪ್ರಾಣಿಶಾಲೆಯ ಒಂದು ಬಿಳಿ ಮೊಲಕ್ಕೆ ಹಿಡಿಗನ ತುಣುಕನ್ನು ಚುಚ್ಚಿಸಿ, ತಿಂಗಳುಗಟ್ಟಲೆ ಕಾದು, ಅದರ ರಕ್ತದಿಂದ ಆಂಟಿಬಾಡಿಯನ್ನು ಬೇರೆ ಮಾಡಿದಳು. ಮೊದಲ ಸಲ ಗೆರೆ ಮೂಡಿದ ದಿನ ಅದರ ಫೋಟೊವನ್ನು ಸಂದೇಶನಿಗೆ ಕಳಿಸಿದ್ದಳು. ಅವನು ಕಾಫಿಗೆ ಬಂದವರಿಗೆಲ್ಲ ಅದನ್ನು ತೋರಿಸಿದ್ದನಂತೆ, ಸ್ಕ್ಯಾನಿಂಗಿನ ಚಿತ್ರದಲ್ಲಿ ಮಗುವನ್ನು ತೋರಿಸುವವರ ಹಾಗೆ.

ಮೊಲ ಈಗಿಲ್ಲ. ಅದು ಕೊಟ್ಟದ್ದರಲ್ಲಿ ಉಳಿದಿರುವುದು ಕಿರುಬೆರಳಿನಷ್ಟೂ ಉದ್ದವಿಲ್ಲದ ಒಂದು ಪ್ಲಾಸ್ಟಿಕ್ ಟ್ಯೂಬಿನಲ್ಲಿ ಅರ್ಧದಷ್ಟು. ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಅದೂ ಈಗ ನಿಶಾಂತನದು.

ನಿಶಾಂತ್ ತುಮಕೂರು ಕಡೆಯವನು. ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಅವಳಿಗೆ ಸುಲಭವಾಗುತ್ತಿತ್ತು. ಎದುರು ಸಿಕ್ಕಾಗಲೆಲ್ಲ ಕೈಯಲ್ಲಿದ್ದದ್ದನ್ನು ಕೆಳಗಿಟ್ಟು ಎದ್ದು ನಿಲ್ಲುತ್ತಿದ್ದ.

“ನೀವ್ ಹೇಳ್ದಂಗೇ ಮಾಡ್ತಾ ಇದೀನಕ್ಕಾ. ಒಂಚೂರೂ ಬದಲಾಯ್ಸಿಲ್ಲ.”

ಅವಳು ಅವನಿಗೆ ಏನೂ ಹೇಳಿರಲಿಲ್ಲ. ಈ ಕೆಲಸವನ್ನು ಅವನಿಗೆ ಕಲಿಸಿದವಳೂ ಅವಳಲ್ಲ. ಕದ್ದ ಸರಕಿಗೆ ಮಾಲೀಕನ ಆಶೀರ್ವಾದವನ್ನೂ ಕೇಳುವ ಜಾಣತನವಿದು ಎಂದುಕೊಂಡು ಅವಳು ತಲೆಯಾಡಿಸಿ ಮುಂದೆ ಹೋಗುತ್ತಿದ್ದಳು. ಆ ದಿನವೆಲ್ಲ ಲೈಬ್ರರಿಯಲ್ಲಿ ಒಂದಕ್ಷರವೂ ಸಾಗುತ್ತಿರಲಿಲ್ಲ.

ದಾರಿ ತಾನಾಗಿ ತೆರೆದುಕೊಂಡದ್ದು ನವರಾತ್ರಿಯ ಹೊತ್ತಿಗೆ. ಸಂಶೋಧನಾ ಪತ್ರಿಕೆಗೆ ಕಳಿಸಿದ್ದ ಪೇಪರನ್ನು ಪರಿಶೀಲಿಸಿದವರು ಮುಖ್ಯವಾದ ಪ್ರಯೋಗವನ್ನು ಮತ್ತೊಮ್ಮೆ ಮಾಡಿ, ಇನ್ನೂ ಸ್ವಚ್ಛವಾದ ಚಿತ್ರ ಕಳಿಸಬೇಕು ಎಂದಿದ್ದರು. ವಿಜಯದಶಮಿಯ ದಿನವೇ ಶುರು ಮಾಡು ಎಂದು ಕಮಲಾಕರ ನಿಶಾಂತನಿಗೆ ಹೇಳಿದರು. ಆ ದಿನ ಹಿಡಿದ ಕೆಲಸ ಕೈಗೂಡುತ್ತದೆ ಎಂಬುದು ಅವರ ನಂಬಿಕೆ. ಗೆರೆ ಮತ್ತೆ ಮೂಡಿದರೆ ಪೇಪರ್ ಅಚ್ಚಾಗುತ್ತದೆ. ಹಿಡಿಗ ಎಂದೆಂದಿಗೂ ನಿಶಾಂತನವನಾಗುತ್ತಾನೆ. ಮೂಡದಿದ್ದರೆ?

ಮೂಡದಿದ್ದರೆ ಯಾರೂ ಅಪರಾಧಿಯನ್ನು ಹುಡುಕುವುದಿಲ್ಲ. ಯೋಜನೆಯ ಸೊಬಗೇ ಅದು ಎಂದು ಅವಳಿಗೆ ಅನ್ನಿಸಿತು. ಲ್ಯಾಬುಗಳಲ್ಲಿ ಪ್ರಯೋಗ ಕೆಡುವುದು ನಿತ್ಯದ ಮಾತು. ಮೊದಲ ಸಲ ಕೆಟ್ಟರೆ ನೀರನ್ನು ಬಯ್ಯುತ್ತಾರೆ. ಎರಡನೆಯ ಸಲ ಕರೆಂಟನ್ನು. ಆಮೇಲೆ ಕೈಗುಣದ ಮಾತು ಬರುತ್ತದೆ. ಸಾರಿಗೆ ಕೈಗುಣ ಇರುವ ಹಾಗೆ ಇದಕ್ಕೂ ಇದೆ ಎಂದು ದೊಡ್ಡ ದೊಡ್ಡ ವಿಜ್ಞಾನಿಗಳೂ ಒಳಗೊಳಗೆ ನಂಬುತ್ತಾರೆ. ಆಗ ಕಮಲಾಕರ ಅವಳ ಬಳಿ ಬಂದೇ ಬರುತ್ತಾರೆ. ನೀನೊಮ್ಮೆ ನೋಡಮ್ಮಾ ಎನ್ನುತ್ತಾರೆ. ಅವಳು ನೋಡುತ್ತಾಳೆ. ಗೆರೆ ಮೂಡುತ್ತದೆ. ಕರುಣೆ ಅಲ್ಲಿಗೆ ಮುಗಿಯುತ್ತದೆ.

ಸಿಕ್ಕಿಬಿದ್ದರೆ ಏನು ಎಂಬುದೂ ಅವಳಿಗೆ ಗೊತ್ತಿತ್ತು. ಹಿಂದೊಬ್ಬ ಚಿತ್ರ ತಿದ್ದಿದ್ದಕ್ಕೇ ಸಂಸ್ಥೆಯವರು ಅವನನ್ನು ಹೊರಗೆ ಹಾಕಿದ್ದರು. ಅವನ ವರ್ಷಗಳ ಕೆಲಸ ಕಸವಾಗಿತ್ತು. ಅವಳ ಬಳಿ ಉಳಿದಿದ್ದುದು ಕೆಲಸವೊಂದೇ. ಅದಕ್ಕೇ ಅವಳು ನಿಧಾನವಾಗಿ, ಹುಣಸೆಹಣ್ಣಿನ ನಾರು ತೆಗೆಯುವ ಹಾಗೆ, ಒಂದೊಂದು ತಪ್ಪನ್ನೂ ಮೊದಲೇ ಎಳೆದು ತೆಗೆದಳು.

ಟ್ಯೂಬಿನಲ್ಲಿ ಬರೀ ನೀರು ತುಂಬುವುದು ದಡ್ಡರ ಕೆಲಸ. ಆಂಟಿಬಾಡಿಗೆ ಗ್ಲಿಸರಿನ್ ಬೆರೆಸಿಟ್ಟಿರುತ್ತಾರೆ, ಫ್ರೀಜರಿನಲ್ಲೂ ಅದು ಗಟ್ಟಿಯಾಗುವುದಿಲ್ಲ. ನೀರಾದರೆ ಕಲ್ಲಾಗುತ್ತದೆ, ಟ್ಯೂಬನ್ನು ಓರೆ ಮಾಡಿದ ಯಾರಿಗೂ ತಿಳಿಯುತ್ತದೆ. ಬೇರೊಂದು ಆಂಟಿಬಾಡಿಯನ್ನು ಹಾಕಿದರೆ ಬೇರೊಂದು ಕಡೆ ಗೆರೆ ಬಂದು ಗುಟ್ಟು ರಟ್ಟಾಗುತ್ತದೆ. ಕಾಯಿಸಿ ಕೆಡಿಸಿದರೆ ತನ್ನ ಮೊಲದ ಕೊನೆಯ ಹನಿಯನ್ನು ತಾನೇ ಕೊಂದಂತೆ. ಅದು ಅವಳಿಂದ ಆಗದು.

ಬೇಕಾದದ್ದು ನೋಡಲು, ಮುಟ್ಟಲು, ಅಳೆಯಲು ಆಂಟಿಬಾಡಿಯ ಹಾಗೇ ಇದ್ದು, ಹಿಡಿಗನನ್ನು ಮಾತ್ರ ಗುರುತಿಸದ ಒಂದು ವಸ್ತು. ಅಂಥದ್ದು ಅವಳ ಬಳಿ ಇತ್ತು.

ಮೊಲಕ್ಕೆ ಮೊದಲ ಚುಚ್ಚುಮದ್ದು ಕೊಡುವ ಮುನ್ನ ಅದರ ರಕ್ತವನ್ನು ಸ್ವಲ್ಪ ತೆಗೆದಿಡುವುದು ಪದ್ಧತಿ. ಅದೇ ಮೊಲದ್ದು, ಆದರೆ ಹಿಡಿಗನ ಪರಿಚಯವಾಗುವ ಮೊದಲಿನದು. ಅದನ್ನೂ ಅವಳು ಅದೇ ಕ್ರಮದಲ್ಲಿ ಶುದ್ಧಿ ಮಾಡಿ, ಅದೇ ಗ್ಲಿಸರಿನ್ ಬೆರೆಸಿ, ಅಂಥದೇ ಟ್ಯೂಬಿನಲ್ಲಿ ಇಟ್ಟಿದ್ದಳು. ಪುಸ್ತಕದ ಪ್ರಕಾರ ಪ್ರತಿ ಸಲವೂ ಅದನ್ನು ಆಂಟಿಬಾಡಿಯ ಪಕ್ಕದಲ್ಲಿ ಪರೀಕ್ಷಿಸಿ, ನೋಡಿ ಇಲ್ಲಿ ಗೆರೆ ಇಲ್ಲ ಎಂದು ತೋರಿಸಬೇಕು. ಕಮಲಾಕರರ ಲ್ಯಾಬಿನಲ್ಲಿ ಯಾರಿಗೂ ಅಷ್ಟು ಪುರುಸೊತ್ತಿರಲಿಲ್ಲ. ಅವಳೇ ಶುರುವಿನಲ್ಲಿ ಒಮ್ಮೆ ಮಾಡಿ ಬಿಟ್ಟಿದ್ದಳು. ಆಮೇಲೆ ಆ ಟ್ಯೂಬನ್ನು ಮಾವನ ಹೋಟೆಲಿನ ಮೈಸೂರ್‌ಪಾಕು ಡಬ್ಬಿಯಲ್ಲಿ ಹಾಕಿ, ಫ್ರೀಜರಿನ ಕೆಳಗಿನ ಅರೆಯಲ್ಲಿ, ಎಂದೋ ಬಿಟ್ಟುಹೋದವರ ಸಾಮಾನುಗಳ ಹಿಂದೆ ಇಟ್ಟಿದ್ದಳು. ಅದು ಅಲ್ಲಿದೆ ಎಂಬುದು ಅವಳಿಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ.

ಎರಡು ಟ್ಯೂಬುಗಳ ಒಳಗಿನದನ್ನು ಅದಲುಬದಲು ಮಾಡುವುದು. ಅಷ್ಟೇ. ನಿಶಾಂತನ ಟ್ಯೂಬಿನಲ್ಲಿ ಮೊದಲಿನ ರಕ್ತ, ಮೈಸೂರ್‌ಪಾಕು ಡಬ್ಬಿಯಲ್ಲಿ ನಿಜವಾದ ಆಂಟಿಬಾಡಿ. ಮನೆಗೆ ಒಯ್ಯುವ ಹಾಗಿಲ್ಲ: ಅಲ್ಲಿನ ಫ್ರಿಜ್ಜು ಅತ್ತೆಯ ತೆಂಗಿನತುರಿಗೂ ದೋಸೆಹಿಟ್ಟಿಗೂ ದಿನವಿಡೀ ಬಾಗಿಲು ತೆರೆಯುತ್ತದೆ. ಲ್ಯಾಬಿನಲ್ಲೇ ಹೊಸ ಟ್ಯೂಬೊಂದನ್ನು ಅಡಗಿಸಿಟ್ಟರೆ ಫ್ರೀಜರ್ ತೊಳೆಯುವ ದಿನ ಯಾರೋ ಇದೇನು ಎನ್ನುತ್ತಾರೆ. ಹೊಸದೇನೂ ಕಾಣಿಸಿಕೊಳ್ಳಬಾರದು, ಹಳೆಯದೇನೂ ಕಾಣೆಯಾಗಬಾರದು. ಅವಳು ಈ ಮಾತನ್ನು ಮನಸ್ಸಿನಲ್ಲಿ ಹಲವು ಸಲ ತಿರುವಿ ನೋಡಿದಳು. ಎಲ್ಲಿಯೂ ಬಿರುಕು ಕಾಣಲಿಲ್ಲ.

ಉಳಿದದ್ದು ಸಮಯ. ಅದನ್ನು ಆಯುಧಪೂಜೆ ಕೊಟ್ಟಿತು.

ಆ ದಿನ ಸಂಸ್ಥೆಯಲ್ಲಿ ಯಂತ್ರಗಳಿಗೆ ರಜೆ. ಹಿಂದಿನ ದಿನವೇ ಎಲ್ಲವನ್ನೂ ಒರೆಸಿ, ಹಳೆಯ ದ್ರಾವಣಗಳನ್ನು ಚೆಲ್ಲಿ, ಸೆಂಟ್ರಿಫ್ಯೂಜಿಗೂ ತಕ್ಕಡಿಗೂ ಗಂಧ ಕುಂಕುಮ ಹಚ್ಚಿರುತ್ತಾರೆ. ಪೂಜೆ ಕೆಳಗಿನ ಅಂತಸ್ತಿನಲ್ಲಿ, ದೊಡ್ಡ ಯಂತ್ರಗಳ ಮುಂದೆ. ಯಾರೂ ಮೇಲೆ ಉಳಿಯುವುದಿಲ್ಲ. ಉಳಿದರೆ ಕರೆದುಕೊಂಡು ಹೋಗುತ್ತಾರೆ. ಅವಳೊಬ್ಬಳನ್ನು ಬಿಟ್ಟು, ಎಂದು ಅವಳಿಗೆ ಗೊತ್ತಿತ್ತು.

ಬೇಕೆಂದೇ ಅವಳು ಮೊದಲು ಕೆಳಗೆ ಹೋಗಿ ನಿಂತಳು. ಕಚೇರಿಯ ಹೆಂಗಸೊಬ್ಬಳು ಅರಿಶಿನ ಕುಂಕುಮದ ತಟ್ಟೆ ಹಿಡಿದು ಸಾಲಾಗಿ ಬಂದಳು. ಅವಳ ಮುಂದೆ ತಟ್ಟೆ ಒಂದು ಕ್ಷಣ ತಡೆಯಿತು. ಆ ಹೆಂಗಸಿನ ಕಣ್ಣು ತುಂಬಿತು. ತಟ್ಟೆ ಪಕ್ಕದವಳಿಗೆ ಹೋಯಿತು. ಸುತ್ತ ನಿಂತವರೆಲ್ಲ ಒಟ್ಟಿಗೆ ಬೇರೆಲ್ಲೋ ನೋಡಿದರು. ಅವರು ನೋಡುತ್ತಿರಲಿಲ್ಲವಾದ್ದರಿಂದ ಅವಳು ಮೆಟ್ಟಿಲು ಹತ್ತಿದಳು. ಅವಳು ಎಲ್ಲಿಗೆ ಹೋದಳೆಂದು ಇನ್ನು ಯಾರೂ ಕೇಳುವುದಿಲ್ಲ. ಕಾರಿಡಾರಿನ ಕ್ಯಾಮೆರಾದಲ್ಲಿ ಕಂಡರೂ ಪೂಜೆಯಿಂದ ಎದ್ದುಹೋದ ವಿಧವೆಯೊಬ್ಬಳು ಕಾಣುತ್ತಾಳೆ. ಅದಕ್ಕಿಂತ ಗಟ್ಟಿಯಾದ ಮರೆ ಇನ್ನೊಂದಿಲ್ಲ.

ಮಂಜುಗಡ್ಡೆಯ ಪೆಟ್ಟಿಗೆ, ಕೈಗವಸು, ಹೊಸ ತುದಿ ಹಾಕಿದ ಪಿಪೆಟ್. ನಿಶಾಂತನ ಟ್ಯೂಬು ಅವನ ಡಬ್ಬಿಯಲ್ಲಿ ನೆಟ್ಟಗೆ ನಿಂತಿತ್ತು. ಮುಚ್ಚಳದ ಮೇಲೆ ಅವಳದೇ ಅಕ್ಷರ. ಕೆಳಗಿನ ಅರೆಯಿಂದ ಮೈಸೂರ್‌ಪಾಕು ಡಬ್ಬಿಯನ್ನು ತೆಗೆದಳು. ಅದು ನಿರಾಯಾಸವಾಗಿ ಬಂತು. ಮೇಲೆ ಹಿಮ ಕಟ್ಟಿರಲಿಲ್ಲ. ಒಳಗಿನ ಟ್ಯೂಬಿನ ಮಟ್ಟ ಅವಳು ನೆನಪಿಟ್ಟಿದ್ದಕ್ಕಿಂತ ತುಸು ಕೆಳಗಿತ್ತು. ಅವಳು ಅದನ್ನು ಬೆಳಕಿಗೆ ಹಿಡಿದು ನೋಡಿದಳು. ಈ ವರ್ಷ ಅವಳು ತನ್ನ ನೆನಪನ್ನು ನಂಬುವುದನ್ನು ಬಿಟ್ಟಿದ್ದಳು. ಒಲೆ ಆರಿಸಿದೆನೇ, ಬಾಗಿಲು ಹಾಕಿದೆನೇ ಎಂದು ದಿನಕ್ಕೆ ಹತ್ತು ಸಲ ತಿರುಗಿ ನೋಡುವವಳು. ಇದೂ ಅಂಥದ್ದೇ ಎಂದುಕೊಂಡು ಕೆಲಸ ಮುಂದುವರಿಸಿದಳು.

ನಡುವೆ ಒಂದು ಖಾಲಿ ಟ್ಯೂಬು. ಇದರಿಂದ ಅದಕ್ಕೆ, ಅದರಿಂದ ಇದಕ್ಕೆ. ಕಡಿಮೆ ಬಿದ್ದಲ್ಲಿ ಗ್ಲಿಸರಿನ್ ದ್ರಾವಣ ಸೇರಿಸಿ ಮಟ್ಟಗಳನ್ನು ಮೊದಲಿದ್ದಂತೆಯೇ ಸರಿಮಾಡಿದಳು. ನಿಜವಾದದ್ದು ಡಬ್ಬಿ ಸೇರಿತು. ಹೆಚ್ಚುವರಿಯಾದ ಒಂದೆರಡು ಹನಿಯನ್ನು ಸಿಂಕಿಗೆ ಬಿಡುವಾಗ ಮಾತ್ರ ಮುಖ ತಿರುಗಿಸಿಕೊಂಡಳು. ಕೆಳಗೆ ಬೂದುಗುಂಬಳ ಒಡೆದ ಸದ್ದು ಕೇಳಿಸಿದಾಗ ಅವಳು ಕೈ ತೊಳೆದು ಒರೆಸಿಕೊಳ್ಳುತ್ತಿದ್ದಳು.

ಮೆಟ್ಟಿಲ ಬುಡದಲ್ಲಿ ಕಮಲಾಕರ ಎದುರಾದರು. ಕೈಯಲ್ಲಿ ಮಂಡಕ್ಕಿ, ಕಡಲೆಯ ಸುಂಡಲ್ ತುಂಬಿದ ದೊನ್ನೆ.

“ಎಲ್ಲಿ ಹೋಗಿದ್ದೆಮ್ಮಾ?”

“ಮೇಲೆ ಇದ್ದೆ, ಸರ್.”

ಅವರ ಮುಖ ಕೆಂಪಾಯಿತು. ತಟ್ಟೆಯ ಸಂಗತಿ ಅವರಿಗೆ ತಿಳಿದಿರಬೇಕು. ತಮ್ಮ ದೊನ್ನೆಯನ್ನೇ ಅವಳ ಕೈಗಿಟ್ಟು, ಕನ್ನಡಕ ಒರೆಸತೊಡಗಿದರು. ಅಪರಾಧಿಯ ಮುಖ ಅವರದಾಯಿತು. ಅವಳು ಸುಂಡಲನ್ನು ಒಂದು ಕಾಳೂ ಬಿಡದೆ ತಿಂದಳು.

ವಿಜಯದಶಮಿಯಂದು ನಿಶಾಂತ್ ಪ್ರಯೋಗ ಶುರು ಮಾಡಿದ. ಅವಳು ಲೈಬ್ರರಿಯಲ್ಲಿ ಕೂತು ಥೀಸಿಸ್ಸಿನ ಮೊದಲ ಅಧ್ಯಾಯ ಬರೆದಳು. ಬಹಳ ಕಾಲದ ಮೇಲೆ ವಾಕ್ಯಗಳು ತಾವಾಗಿ ಬಂದವು. ಮನೆಗೆ ಹೋದಾಗ ಅತ್ತೆ ಬಡಿಸುತ್ತಿದ್ದವರು ಸೌಟು ಹಿಡಿದೇ ನಿಂತರು.

“ಇವತ್ತು ಎರಡನೇ ಸಲ ಅನ್ನ ಹಾಕಿಸ್ಕೊಂಡಿ ಅಲ್ವಾ ಮಗಾ. ಎಂತ ವಿಶೇಷ?”

“ಎಂತದೂ ಇಲ್ಲ ಅತ್ತೆ. ಕೆಲಸ ಸ್ವಲ್ಪ ಸರಿ ಹೋಗ್ತಾ ಉಂಟು.”

“ಹೋಗ್ಲಿ, ಹೋಗ್ಲಿ. ನೀನು ಕೆಲಸ ಬಿಟ್ರೆ ಅವ ಬಯ್ತಿದ್ದ.”

ಅವಳು ಮಜ್ಜಿಗೆ ಹಾಕಿಕೊಂಡಳು.

ಮಾರನೆಯ ದಿನ ಮಧ್ಯಾಹ್ನ ಕಮಲಾಕರ ಅವಳನ್ನು ಚಿತ್ರ ತೆಗೆಯುವ ಯಂತ್ರದ ಕೋಣೆಗೆ ಬರಹೇಳಿದರು. ಇಷ್ಟು ಬೇಗ ಕರೆಯುತ್ತಾರೆಂದು ಅವಳು ಎಣಿಸಿರಲಿಲ್ಲ. ಮೊದಲ ಸಲಕ್ಕೇ ಸೋತರೆಂದು ಒಳಗೆ ನಗು ಬಂತು. ಮುಖವನ್ನು ಸಿದ್ಧಮಾಡಿಕೊಂಡಳು: ಆಶ್ಚರ್ಯ ಬೇಡ, ಸುಸ್ತಾದ ಕಾಳಜಿ ಸಾಕು. ಯಂತ್ರದ ಬಾಗಿಲಿನ ಕುಂಕುಮದ ಬೊಟ್ಟು ಒಣಗಿ ಉದುರುತ್ತಿತ್ತು. ಪರದೆಯ ಅರ್ಧವನ್ನು ಕಮಲಾಕರರ ಹೆಗಲು ಮರೆಮಾಡಿತ್ತು. ಕಂಡಷ್ಟು ಭಾಗ, ಹಿಡಿಗ ಇರಬೇಕಾದ ಜಾಗ, ಹಾಲಿನಷ್ಟು ಬೆಳ್ಳಗಿತ್ತು. ಒಂದು ಚುಕ್ಕೆಯೂ ಇರಲಿಲ್ಲ.

“ಗೆರೆ ಬಂದಿಲ್ವಾ ಸರ್?” ಎಂದಳು. ದನಿ ಅವಳು ಬಯಸಿದ ಹಾಗೇ ಬಂತು. “ಬೇಕಾದ್ರೆ ನಾನೊಂದು ಸಲ ಮಾಡಿ ನೋಡ್ತೇನೆ.”

ಕಮಲಾಕರ ಪಕ್ಕಕ್ಕೆ ಸರಿದರು. ಪರದೆಯ ಉಳಿದರ್ಧ ಅವಳಿಗೆ ಕಂಡಿತು. ಅಲ್ಲಿ ಹಿಡಿಗ ಇದ್ದ. ದಪ್ಪಗೆ, ಕಪ್ಪಗೆ, ಒಂದಿಷ್ಟೂ ಕಲೆಯಿಲ್ಲದೆ, ಅವಳು ಸಂದೇಶನಿಗೆ ಕಳಿಸಿದ್ದಕ್ಕಿಂತ ಚೆಂದವಾಗಿ. ನಿಶಾಂತ್ ಮೇಜಿನ ಕೆಳಗಿನಿಂದ ಮಾವನ ಹೋಟೆಲಿನ ಹೆಸರಿದ್ದ ಮೈಸೂರ್‌ಪಾಕು ಡಬ್ಬಿಯನ್ನೆತ್ತಿ ಅವಳ ಮುಂದಿಟ್ಟ. ಅವನ ಮುಖದಲ್ಲಿ ದೂರಿರಲಿಲ್ಲ, ದಿಗಿಲಿತ್ತು. “ಹೋದ್ಸಲ ಇವೇ ಎರಡು ಟ್ಯೂಬಲ್ಲಿ ಸರಿಯಾಗಿ ಬಂದಿತ್ತಕ್ಕಾ, ಪೇಪರಲ್ಲೂ ಹಾಕಿದೀನಿ. ಈಗ ತಿರುಗಾಮುರುಗಾ ಆಗೈತೆ, ಗೆರೆ ಈ ಡಬ್ಬಿ ಟ್ಯೂಬಲ್ಲಿ ಬಂದೈತೆ. ಇದ್ರಲ್ಲಿ ಇರ್ಬೇಕಾದ್ದು ಅದ್ರಲ್ಲಿ, ಅದ್ರಲ್ಲಿ ಇರ್ಬೇಕಾದ್ದು ಇದ್ರಲ್ಲಿ.” ಈ ಡಬ್ಬಿ ನಿನಗೆ ಹೇಗೆ ಸಿಕ್ಕಿತು ಎಂದು ಅವಳು ಕೇಳಿದಳೋ, ಅಥವಾ ಅವಳ ಮುಖವೇ ಕೇಳಿತೋ. “ನೀವೇ ಹೇಳಿದ್ರಲ್ಲಕ್ಕಾ, ಸಂದೇಶಣ್ಣ ತೀರಿಕೊಂಡ ವಾರ ನಾನು ಫೋನ್ ಮಾಡಿದಾಗ. ಕೆಳಗಿನ ಅರೆಲಿ, ಹೋಟೆಲ್ ಡಬ್ಬಿಲಿ ಉಂಟು, ಪ್ರತಿ ಸಲ ಪಕ್ಕದಲ್ಲಿ ಇದನ್ನೂ ಹಾಕು ಅಂದ್ರಿ. ‘ಮೊದ್ಲು ಎಂತದೂ ಇರ್ಲಿಲ್ಲ ಅಂತ ತೋರಿಸ್ಬೇಕು ಮಾರಾಯ, ಇಲ್ಲದಿದ್ರೆ ಆಮೇಲೆ ಇತ್ತು ಅಂದ್ರೆ ಯಾರೂ ನಂಬುದಿಲ್ಲ’ ಅಂದ್ರಿ. ಅವತ್ತಿಂದ ಒಂದ್ಸಲಾನೂ ತಪ್ಪಿಸಿಲ್ಲ.” ತುಮಕೂರಿನವನ ಬಾಯಲ್ಲಿ ತನ್ನದೇ ಕರಾವಳಿಯ ಮಾತು ಹಾಗೇ ಹೊರಬಂದದ್ದನ್ನು ಅವಳು ಕೇಳಿದಳು. ಕಮಲಾಕರ ಡಬ್ಬಿಯ ಮುಚ್ಚಳವನ್ನು ನೋಡಿದರು, ನಿಶಾಂತನನ್ನು ನೋಡಿದರು, ಇದು ಇನ್ನು ಯಾರಿಗೆ ಗೊತ್ತು ಎಂದು ಅವನನ್ನು ಕೇಳಿದರು. “ನನಗೆ, ಅಕ್ಕಂಗೆ. ಅಷ್ಟೇ ಸರ್,” ಎಂದ ನಿಶಾಂತ್. ಆಗ ಅವರು ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡರು; ಈ ಸಲ ಒರೆಸಲಿಲ್ಲ. “ಪೂಜೆ ದಿನ ನೀನು ಮೇಲೆ ಇದ್ದೆ ಅಂದೆಯಲ್ಲಮ್ಮಾ,” ಎಂದರು.